ಕಾವಲು ಕೋಶದ ಬಾಯಿ ಕಟ್ಟುವ ಪ್ಲೇಗ್

ಅಟ್ಟದ ಮೇಲಿನ ಇಲಿಯೊಂದು ತಲೆ ತಿರುಗಿದಂತೆ ಓಲಾಡಿ, ದೊಪ್ಪನೆ ನಡುಮನೆಗೆ ಬೀಳುತ್ತದೆ. ಮರುದಿನ ಹಿತ್ತಿಲಲ್ಲಿ ಎರಡು, ಕಣಜದ ಬಳಿ ನಾಲ್ಕು. ಮನೆಯ ಹಿರಿಯರು ಹೆಚ್ಚು ಮಾತಿಲ್ಲದೆ ಅಕ್ಕಿ, ಪಾತ್ರೆ, ಹಾಸಿಗೆ ಕಟ್ಟತೊಡಗುತ್ತಾರೆ. ಸಂಜೆಯೊಳಗೆ ಬೀದಿಗೆ ಬೀದಿಯೇ ಬೀಗ ಹಾಕಿ, ಗಾಡಿ ಹೂಡಿ, ಊರಾಚೆಯ ಹೊಲ ತೋಪುಗಳಲ್ಲಿ ಗುಡಿಸಲು ಎಬ್ಬಿಸಿಕೊಳ್ಳುತ್ತದೆ. ಊರಲ್ಲೇ ಉಳಿದವರಿಗೆ ಕೆಲವೇ ದಿನಗಳಲ್ಲಿ ಚಳಿಜ್ವರ, ತೊಡೆಸಂದಿಯಲ್ಲೋ ಕಂಕುಳಲ್ಲೋ ಮುಟ್ಟಗೊಡದಂಥ ಗಡ್ಡೆ, ಆಮೇಲೆ ಸನ್ನಿ. ಎಷ್ಟೋ ಮನೆಗಳಲ್ಲಿ ವಾರ ತುಂಬುವುದರೊಳಗೆ ಸಾವು.

ಅಜ್ಜ ಅಜ್ಜಿಯರ ಬಾಯಲ್ಲಿ ನಾವು ಕೇಳಿರುವ ಪ್ಲೇಗಿನ ಕಾಲದ ಚಿತ್ರ ಇದು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ 1898ರ ಆಗಸ್ಟ್ ಹೊತ್ತಿಗೆ ಬೆಂಗಳೂರು ತಲುಪಿತು. ಪೇಟೆಯ ಇಕ್ಕಟ್ಟು ಬೀದಿಗಳಿಂದ ಜನರನ್ನು ಹೊರಗೆ ತರಲೆಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ರೂಪುಗೊಂಡವು. ಪ್ಲೇಗಿನ ಅಮ್ಮನಿಗೆ ಗುಡಿಗಳೂ ಎದ್ದವು. ಮುಂದಿನ ಎರಡು ದಶಕಗಳಲ್ಲಿ ಭಾರತದಲ್ಲಿ ಈ ರೋಗಕ್ಕೆ ಬಲಿಯಾದವರ ಸಂಖ್ಯೆ ಒಂದು ಕೋಟಿ ದಾಟಿತು.

ಇಲಿ, ಚಿಗಟ, ಗಡ್ಡೆ ಎಂಬಷ್ಟು ಕಥೆ ಎಲ್ಲರಿಗೂ ಗೊತ್ತು. ಅದರ ನಡುವಿನ ಕೊಂಡಿಯೊಂದು ಮಾತ್ರ ಬಹುಕಾಲ ವಿಜ್ಞಾನಿಗಳಿಗೂ ಸಿಕ್ಕಿರಲಿಲ್ಲ. ಮನುಷ್ಯನ ಮೈಯಲ್ಲಿ ರೋಗಾಣುಗಳನ್ನು ಹುಡುಕಿ ನುಂಗುವ ಬಿಳಿ ರಕ್ತಕಣಗಳು ಕೋಟಿಗಟ್ಟಲೆ ಇವೆ. ಚಿಗಟವೊಂದು ಕಚ್ಚಿದಾಗ ಒಳಹೋಗುವ ಬ್ಯಾಕ್ಟೀರಿಯಾಗಳು ಹೆಚ್ಚೆಂದರೆ ಸಾವಿರಗಳ ಲೆಕ್ಕದಲ್ಲಿ. ಪ್ರಯೋಗಾಲಯದ ಇಲಿಯನ್ನು ಕೊಲ್ಲಲು ಹತ್ತು ಬ್ಯಾಕ್ಟೀರಿಯಾ ಕೂಡ ಬೇಕಾಗುವುದಿಲ್ಲ. ಇಷ್ಟು ಸಣ್ಣ ದಂಡಿನ ಮುಂದೆ ಅಷ್ಟು ದೊಡ್ಡ ಕಾವಲುಪಡೆ ಸೋಲುವುದು ಹೇಗೆ?

ಪ್ಲೇಗಿನ ಬ್ಯಾಕ್ಟೀರಿಯಾ ಕಾವಲುಪಡೆಯನ್ನು ಎದುರಿಸಿ ಗೆಲ್ಲುವುದಿಲ್ಲ. ಪಡೆ ಏಳುವುದಕ್ಕೇ ಬಿಡುವುದಿಲ್ಲ. ಅಪಾಯ ಬಂದಿದೆ ಎಂದು ಕೂಗಬೇಕಾದ ಕೋಶಗಳ ಬಾಯಿಯನ್ನು ಅದು ಮೊದಲೇ ಕಟ್ಟಿಹಾಕುತ್ತದೆ. ಈ ಕೆಲಸಕ್ಕೆ ಅದು ಬಳಸುವುದು ಬೆರಳೆಣಿಕೆಯ ಪ್ರೋಟೀನುಗಳನ್ನು.

ಗುಡಿಸಲಿನಲ್ಲಿ ಸಿಕ್ಕ ರೋಗಾಣು

1894ರ ಜೂನ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗ್ ಉಲ್ಬಣಿಸಿದ್ದಾಗ ಅಲೆಕ್ಸಾಂಡರ್ ಯೆರ್ಸಿನ್ ಎಂಬ ಯುವ ವೈದ್ಯ ಅಲ್ಲಿಗೆ ಬಂದರು. ಸತ್ತವರ ದೇಹ ಪರೀಕ್ಷಿಸಲು ಅವರಿಗೆ ಸುಲಭವಾಗಿ ಅವಕಾಶ ಸಿಗಲಿಲ್ಲ. ಹುಲ್ಲಿನ ಗುಡಿಸಲೊಂದನ್ನೇ ಪ್ರಯೋಗಾಲಯ ಮಾಡಿಕೊಂಡು, ಗಡ್ಡೆಯಿಂದ ತೆಗೆದ ರಸವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಗಿಡ್ಡ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳು ರಾಶಿ ರಾಶಿ ಕಂಡವು. ಜಪಾನಿನ ಕಿಟಸಾಟೊ ಶಿಬಾಸಬುರೊ ಕೂಡ ಅದೇ ಊರಿನಲ್ಲಿ, ಅದೇ ದಿನಗಳಲ್ಲಿ ಇದೇ ಹುಡುಕಾಟದಲ್ಲಿದ್ದರು. ರೋಗಾಣುವಿಗೆ ಕೊನೆಗೆ ನಿಂತ ಹೆಸರು ಯೆರ್ಸಿನಿಯಾ ಪೆಸ್ಟಿಸ್.

ನಾಲ್ಕು ವರ್ಷಗಳ ನಂತರ, 1898ರಲ್ಲಿ, ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ನಡೆಸಿದ ಪ್ರಯೋಗದಿಂದ ಇಲಿಯಿಂದ ಇಲಿಗೆ ರೋಗ ಹೊತ್ತೊಯ್ಯುವುದು ಚಿಗಟ ಎಂಬುದು ಗೊತ್ತಾಯಿತು. ಚಿಗಟದ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಅಂಟು ಪದರ ಕಟ್ಟಿಕೊಂಡು ರಕ್ತ ಒಳಗಿಳಿಯುವ ದಾರಿಯನ್ನೇ ಮುಚ್ಚುತ್ತದೆ. ಹಸಿವು ತೀರದ ಚಿಗಟ ಸಿಕ್ಕಸಿಕ್ಕವರನ್ನು ಮತ್ತೆ ಮತ್ತೆ ಕಚ್ಚುತ್ತದೆ. ಕಚ್ಚಿದಾಗಲೆಲ್ಲ ಹೀರಿದ ರಕ್ತವನ್ನು ಬ್ಯಾಕ್ಟೀರಿಯಾ ಸಮೇತ ಗಾಯದೊಳಕ್ಕೆ ಕಕ್ಕುತ್ತದೆ.

ಮೈಯ ಕಾವಲು ನಡೆಯುವ ಬಗೆ

ಬ್ಯಾಕ್ಟೀರಿಯಾದ ಕುತಂತ್ರ ಅರ್ಥವಾಗಬೇಕಾದರೆ ಕಾವಲಿನ ಕ್ರಮ ಮೊದಲು ಗೊತ್ತಿರಬೇಕು. ಚರ್ಮದಡಿ, ಶ್ವಾಸಕೋಶದಲ್ಲಿ, ಕರುಳಿನ ಗೋಡೆಯಲ್ಲಿ ಮ್ಯಾಕ್ರೋಫೇಜ್ ಎಂಬ ದೊಡ್ಡ ಕೋಶಗಳು ಠಿಕಾಣಿ ಹೂಡಿರುತ್ತವೆ. ನ್ಯೂಟ್ರೋಫಿಲ್‌ಗಳು ರಕ್ತದಲ್ಲಿ ಸುತ್ತುತ್ತಾ, ಕರೆ ಬಂದ ಕೂಡಲೇ ಗಾಯದತ್ತ ಧಾವಿಸುತ್ತವೆ. ಡೆಂಡ್ರಿಟಿಕ್ ಕೋಶಗಳು ರೋಗಾಣುವಿನ ಚೂರುಗಳನ್ನು ಹತ್ತಿರದ ದುಗ್ಧಗ್ರಂಥಿಗೆ ಒಯ್ದು, ಅಲ್ಲಿರುವ ಕೋಶಗಳಿಗೆ ತೋರಿಸುತ್ತವೆ. ಅಲ್ಲಿಂದ ಮುಂದೆ ಪ್ರತಿಕಾಯಗಳ ತಯಾರಿ.

ಇವುಗಳ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಗುರುತಿಸುವುದು ಮೊದಲನೆಯದು: ಕೋಶದ ಮೇಲಿರುವ ಗ್ರಾಹಕ ಪ್ರೋಟೀನುಗಳು ಬ್ಯಾಕ್ಟೀರಿಯಾದ ಮೈಮೇಲಷ್ಟೇ ಇರುವ ಅಣುಗಳನ್ನು ಪತ್ತೆಹಚ್ಚುತ್ತವೆ. ಎರಡನೆಯದು ನುಂಗುವುದು. ಕೋಶ ತನ್ನ ಒಳಗಿನ ಆಕ್ಟಿನ್ ಎಂಬ ಎಳೆಗಳನ್ನು ಹಿಗ್ಗಿಸಿ ಕುಗ್ಗಿಸಿ, ಬ್ಯಾಕ್ಟೀರಿಯಾದ ಸುತ್ತ ಪೊರೆ ಚಾಚಿ ಒಳಗೆಳೆದುಕೊಳ್ಳುತ್ತದೆ. ಮೂರನೆಯದು ಕೂಗುವುದು. ಸೈಟೋಕೈನ್ ಎಂಬ ಸಂದೇಶ ಪ್ರೋಟೀನುಗಳನ್ನು ಕೋಶ ಹೊರಬಿಡುತ್ತದೆ. ಆಗ ರಕ್ತನಾಳ ಸಡಿಲವಾಗುತ್ತದೆ, ಇನ್ನಷ್ಟು ಬಿಳಿ ರಕ್ತಕಣಗಳು ಬರುತ್ತವೆ, ಜಾಗ ಕೆಂಪಾಗಿ ಬಿಸಿಯೇರುತ್ತದೆ, ಜ್ವರ ಬರುತ್ತದೆ.

ಕೆಂಪು, ಬಿಸಿ, ಊತ, ನೋವನ್ನು ನಾವು ರೋಗದ ಲಕ್ಷಣ ಎನ್ನುತ್ತೇವೆ. ಬಹುಪಾಲು ಅವು ನಮ್ಮದೇ ಕೋಶಗಳು ಎಬ್ಬಿಸಿದ ಗದ್ದಲ. ಪ್ಲೇಗಿನ ಬ್ಯಾಕ್ಟೀರಿಯಾ ತಡೆಯಲು ಹೊರಡುವುದು ಈ ಗದ್ದಲವನ್ನೇ, ಮೂರೂ ಹಂತಗಳಲ್ಲಿ.

ಬಿಸಿ ತಾಗಿದಾಗ ಬದಲಾಗುವ ಮೈ

ಚಿಗಟದ ಮೈ ಸುತ್ತಲಿನ ಹವೆಯಷ್ಟೇ ಬಿಸಿ. ಸುಮಾರು 26 ಡಿಗ್ರಿ ಸೆಲ್ಸಿಯಸ್ ಎನ್ನೋಣ. ಮನುಷ್ಯನ ಮೈ 37 ಡಿಗ್ರಿ. ಈ ಹನ್ನೊಂದು ಡಿಗ್ರಿಯ ವ್ಯತ್ಯಾಸದಿಂದಲೇ ಬ್ಯಾಕ್ಟೀರಿಯಾ ತಾನು ಎಲ್ಲಿದ್ದೇನೆಂದು ತಿಳಿದುಕೊಳ್ಳುತ್ತದೆ.

ಅದರ ಹೊರಪೊರೆಯಲ್ಲಿ ಲಿಪಿಡ್-ಎ ಎಂಬ ಕೊಬ್ಬಿನ ಅಣು ಇದೆ. ಚಿಗಟದೊಳಗಿರುವಾಗ ಈ ಅಣುವಿಗೆ ಸಾಮಾನ್ಯವಾಗಿ ಆರು ಬಾಲಗಳು. ನಮ್ಮ ಕೋಶಗಳ ಮೇಲಿರುವ ಟಿಎಲ್‌ಆರ್-4 ಎಂಬ ಗ್ರಾಹಕ ಆರು ಬಾಲದ ಅಣುವನ್ನು ಚೆನ್ನಾಗಿ ಗುರುತಿಸುತ್ತದೆ. 37 ಡಿಗ್ರಿಗೆ ಬಂದ ಮೇಲೆ ಬ್ಯಾಕ್ಟೀರಿಯಾ ನಾಲ್ಕೇ ಬಾಲದ ಅಣುವನ್ನು ತಯಾರಿಸುತ್ತದೆ. ಗ್ರಾಹಕಕ್ಕೆ ಅದು ಹೆಚ್ಚುಕಡಿಮೆ ಕಾಣುವುದೇ ಇಲ್ಲ.

ಇದು ಎಷ್ಟು ಮುಖ್ಯವೆಂಬುದನ್ನು 2006ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ನಮ್ಮ ಕರುಳಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾದ ಒಂದೇ ಒಂದು ಜೀನನ್ನು ಸಂಶೋಧಕರು ಪ್ಲೇಗಿನ ಬ್ಯಾಕ್ಟೀರಿಯಾಕ್ಕೆ ಸೇರಿಸಿದರು. ಮೈಬಿಸಿಯಲ್ಲೂ ಅದು ಆರು ಬಾಲದ ಅಣುವನ್ನೇ ಮಾಡುವಂತಾಯಿತು. ಉಳಿದೆಲ್ಲ ಆಯುಧಗಳು ಹಾಗೇ ಇದ್ದರೂ ಆ ಬ್ಯಾಕ್ಟೀರಿಯಾ ಇಲಿಗಳನ್ನು ಕೊಲ್ಲಲಾರದೆ ಹೋಯಿತು. ಕಾವಲು ಕೋಶಗಳಿಗೆ ಅದು ಬಂದ ತಕ್ಷಣ ಕಂಡುಬಿಟ್ಟಿತ್ತು.

ಹೊಸದಾಗಿ ಒಳಬಂದ ಕೆಲವು ಬ್ಯಾಕ್ಟೀರಿಯಾಗಳನ್ನು ಮ್ಯಾಕ್ರೋಫೇಜ್‌ಗಳು ನುಂಗುವುದುಂಟು. ಅವುಗಳಲ್ಲಿ ಹಲವು ಆ ಕೋಶದೊಳಗೇ ಬದುಕಿಕೊಂಡು, ಬಿಸಿಗೆ ಒಗ್ಗಿ, ಮುಂದಿನ ಆಯುಧ ತಯಾರಿಸಿಕೊಂಡೇ ಹೊರಬರುತ್ತವೆ.

ಸಿರಿಂಜಿನಂಥ ಯಂತ್ರ

ಆ ಆಯುಧಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಇಂಜೆಕ್ಟಿಸೋಮ್. ಆಸ್ಪತ್ರೆಯ ಸಿರಿಂಜಿನಂತೆಯೇ ಇದಕ್ಕೂ ಒಂದು ಬುಡ, ಒಂದು ಟೊಳ್ಳು ಸೂಜಿ. ಇಪ್ಪತ್ತಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳು ಸೇರಿ ಆದ ಈ ಯಂತ್ರದ ಬುಡ ಬ್ಯಾಕ್ಟೀರಿಯಾದ ಎರಡೂ ಪೊರೆಗಳಲ್ಲಿ ನಾಟಿಕೊಂಡಿರುತ್ತದೆ. ಸೂಜಿ ಹೊರಗೆ ಚಾಚಿರುತ್ತದೆ. ಅದರ ಉದ್ದ ಸುಮಾರು 60 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹದಿನಾರು ಸಾವಿರದಲ್ಲಿ ಒಂದು ಪಾಲು.

ಸೂಜಿಯ ಉದ್ದ ಹೆಚ್ಚುಕಡಿಮೆ ಆಗುವಂತಿಲ್ಲ. ಕಟ್ಟುವಾಗ ಅಳತೆ ನೋಡಲೆಂದೇ ಒಂದು ಪ್ರೋಟೀನು ಇದೆ. ಆ ಪ್ರೋಟೀನನ್ನು ಉದ್ದ ಮಾಡಿದರೆ ಸೂಜಿ ಉದ್ದವಾಗುತ್ತದೆ, ಗಿಡ್ಡ ಮಾಡಿದರೆ ಗಿಡ್ಡವಾಗುತ್ತದೆ ಎಂದು ಬೆಲ್ಜಿಯಂ ಮೂಲದ ವಿಜ್ಞಾನಿ ಗೀ ಕಾರ್ನೆಲಿಸ್ ಅವರ ತಂಡ 2003ರಲ್ಲಿ ತೋರಿಸಿತು. ಬ್ಯಾಕ್ಟೀರಿಯಾಗಳು ಈಜಲು ಬಳಸುವ ಬಾಲದ ಬುಡಕ್ಕೂ ಈ ಯಂತ್ರಕ್ಕೂ ರಕ್ತಸಂಬಂಧವಿದೆ. ಎರಡರ ಹಲವು ಭಾಗಗಳು ಒಂದೇ ಮೂಲದವು.

ಸೂಜಿಯ ತುದಿಯಲ್ಲಿ ಎಲ್‌ಸಿಆರ್-ವಿ ಎಂಬ ಪ್ರೋಟೀನಿನ ಟೋಪಿ ಇದೆ. ಬ್ಯಾಕ್ಟೀರಿಯಾ ನಮ್ಮ ಕೋಶವೊಂದಕ್ಕೆ ಅಂಟಿಕೊಂಡಾಗ ಈ ತುದಿಯ ನೆರವಿನಿಂದ ಇನ್ನೆರಡು ಪ್ರೋಟೀನುಗಳು ಕೋಶದ ಪೊರೆಯಲ್ಲಿ ರಂಧ್ರ ಮಾಡುತ್ತವೆ. ಸೂಜಿಯ ಒಳದಾರಿ ಎರಡು ಮೂರು ನ್ಯಾನೋಮೀಟರ್ ಅಗಲದ್ದು. ಮಡಚಿಕೊಂಡ ಪ್ರೋಟೀನು ಅದರಲ್ಲಿ ಹಿಡಿಸದು. ಹಾಗಾಗಿ ಪ್ರೋಟೀನನ್ನು ಬಿಡಿಸಿ, ಎಳೆಯಂತೆ ನೀಳವಾಗಿಸಿ ಕಳಿಸಲಾಗುತ್ತದೆ. ಕೋಶದೊಳಗೆ ಬಿದ್ದ ಮೇಲೆ ಅದು ಮತ್ತೆ ಮಡಚಿಕೊಂಡು ಕೆಲಸ ಶುರುಮಾಡುತ್ತದೆ.

ಈ ಪ್ರೋಟೀನುಗಳು ರಕ್ತದಲ್ಲಿ ಹರಿದು ಎಲ್ಲೆಂದರಲ್ಲಿ ತಾಗುವ ವಿಷಗಳಲ್ಲ. ಒಂದು ಬ್ಯಾಕ್ಟೀರಿಯಾದಿಂದ ನೇರವಾಗಿ ಒಂದು ಕೋಶದೊಳಕ್ಕೆ ಮಾತ್ರ ಹೋಗುತ್ತವೆ. 1990ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಉಮೆಯೊ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ವುಲ್ಫ್-ವಾಟ್ಸ್ ಅವರ ಗುಂಪು ಪ್ಲೇಗಿನ ಹತ್ತಿರದ ಬಂಧುವಾದ ಇನ್ನೊಂದು ಯೆರ್ಸಿನಿಯಾದಲ್ಲಿ ಈ ಸಾಗಣೆಯನ್ನು ಗುರುತಿಸಿತು. ಹಾಗೆ ಒಳಹೋಗುವ ಪ್ರೋಟೀನುಗಳಿಗೆ ‘ಯಾಪ್’ಗಳೆಂದು ಹೆಸರು.

ಚುಚ್ಚುವುದು ಯಾರಿಗೆ?

ಮೈಯಲ್ಲಿ ಇಷ್ಟೊಂದು ಬಗೆಯ ಕೋಶಗಳಿರುವಾಗ ಬ್ಯಾಕ್ಟೀರಿಯಾ ಎಲ್ಲದಕ್ಕೂ ಚುಚ್ಚುತ್ತದೆಯೆ? 2005ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಓಲಾಫ್ ಶ್ನೀವಿಂಡ್ ಅವರ ತಂಡ ಇದಕ್ಕೊಂದು ಜಾಣ ಪ್ರಯೋಗ ಹೂಡಿತು. ಯಾಪ್ ಪ್ರೋಟೀನೊಂದಕ್ಕೆ ಒಂದು ಕಿಣ್ವವನ್ನು ಜೋಡಿಸಲಾಯಿತು. ಆ ಪ್ರೋಟೀನು ಹೊಕ್ಕ ಕೋಶದಲ್ಲಿ ವಿಶೇಷ ಬಣ್ಣವೊಂದು ಹಸಿರಿನಿಂದ ನೀಲಿಗೆ ತಿರುಗುತ್ತದೆ. ಸೋಂಕು ತಗುಲಿದ ಇಲಿಗಳ ಗುಲ್ಮದಿಂದ ಕೋಶಗಳನ್ನು ತೆಗೆದು ಎಣಿಸಿದರು.

ನೀಲಿಗೆ ತಿರುಗಿದ್ದವು ಮುಖ್ಯವಾಗಿ ಮ್ಯಾಕ್ರೋಫೇಜ್, ನ್ಯೂಟ್ರೋಫಿಲ್ ಮತ್ತು ಡೆಂಡ್ರಿಟಿಕ್ ಕೋಶಗಳು. ಅಲ್ಲೇ ಹೇರಳವಾಗಿದ್ದ ಬಿ ಮತ್ತು ಟಿ ಕೋಶಗಳನ್ನು ಬ್ಯಾಕ್ಟೀರಿಯಾ ಬಹುತೇಕ ಮುಟ್ಟಿರಲಿಲ್ಲ. ಗುರುತಿಸುವ, ನುಂಗುವ, ಕೂಗುವ ಕೋಶಗಳೇ ಅದರ ಗುರಿ. ಅವು ಸುಮ್ಮನಾದರೆ ಉಳಿದವುಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಒಳಹೊಕ್ಕವುಗಳ ಕೆಲಸ

ಮೊದಲು ಕೈಕಟ್ಟುವ ಕೆಲಸ. ಯಾಪ್-ಎಚ್ ಒಂದು ಕಿಣ್ವ. ಕೋಶದೊಳಗಿನ ಸಂದೇಶಗಳು ಬಹುಪಾಲು ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಮೂಲಕ ಸಾಗುತ್ತವೆ. ಅಂಟಿಸಿದ ಫಾಸ್ಫೇಟನ್ನು ಯಾಪ್-ಎಚ್ ಕಿತ್ತುಹಾಕುತ್ತದೆ. 1990ರಲ್ಲಿ ಅಮೆರಿಕದ ಜ್ಯಾಕ್ ಡಿಕ್ಸನ್ ಮತ್ತು ಕುನ್-ಲಿಯಾಂಗ್ ಗ್ವಾನ್ ಇದನ್ನು ಗುರುತಿಸಿದಾಗ ಅಚ್ಚರಿಯೇ ಆಗಿತ್ತು. ಪ್ರಾಣಿಕೋಶಗಳಲ್ಲಿ ಮಾತ್ರ ಇರಬೇಕಿದ್ದ ಬಗೆಯ ಕಿಣ್ವ ಅದು. ಬ್ಯಾಕ್ಟೀರಿಯಾಕ್ಕೆ ತನ್ನ ಸ್ವಂತಕ್ಕೆ ಅದರ ಅಗತ್ಯ ಕಾಣದು. ಪರರ ಸಂದೇಶ ಅಳಿಸಲೆಂದೇ ಇಟ್ಟುಕೊಂಡಿದೆ. ಅದು ಹೊಕ್ಕ ಕೆಲವೇ ನಿಮಿಷಗಳಲ್ಲಿ ನುಂಗಲು ಹೊರಟಿದ್ದ ಕೋಶ ಅರ್ಧಕ್ಕೆ ನಿಲ್ಲುತ್ತದೆ.

ಯಾಪ್-ಇ ಮತ್ತು ಯಾಪ್-ಟಿ ಎಂಬೆರಡು ಆಕ್ಟಿನ್ ಎಳೆಗಳ ಮೇಲೆ ಕೈಮಾಡುತ್ತವೆ. ಎಳೆಗಳ ಹಿಗ್ಗುಕುಗ್ಗನ್ನು ನಿಯಂತ್ರಿಸುವುದು ‘ರೋ’ ಗುಂಪಿನ ಪ್ರೋಟೀನುಗಳು. ಯಾಪ್-ಇ ಅವುಗಳನ್ನು ಆರಿಸಿಬಿಡುತ್ತದೆ. ಯಾಪ್-ಟಿ ಅವುಗಳನ್ನು ಪೊರೆಯಿಂದ ಕತ್ತರಿಸಿ ಬೇರ್ಪಡಿಸುತ್ತದೆ. ಯಾಪ್-ಒ ಎಂಬ ಮತ್ತೊಂದು ಕಿಣ್ವವೂ ಇದೇ ಎಳೆಗಳ ವ್ಯವಸ್ಥೆಯನ್ನು ಕೆಡಿಸುತ್ತದೆ. ಒಂದೇ ಕೆಲಸಕ್ಕೆ ನಾಲ್ಕು ಪ್ರೋಟೀನು ಬೇರೆ ಬೇರೆ ದಾರಿಯಿಂದ ಬರುವುದರಿಂದ ಒಂದು ತಪ್ಪಿದರೂ ಇನ್ನೊಂದು ಹಿಡಿಯುತ್ತದೆ. ಕೋಶದ ಆಕಾರವೇ ಕುಸಿಯುತ್ತದೆ. ಬ್ಯಾಕ್ಟೀರಿಯಾ ಅದರ ಹೊರಗೇ, ಅದಕ್ಕೆ ತಾಗಿಕೊಂಡೇ ನಿಶ್ಚಿಂತೆಯಿಂದ ಇಬ್ಭಾಗವಾಗುತ್ತಾ ಹೆಚ್ಚುತ್ತದೆ.

ಬಾಯಿ ಕಟ್ಟುವ ಕೆಲಸ ಯಾಪ್-ಜೆ ಪಾಲಿನದು. ಸೈಟೋಕೈನ್ ತಯಾರಿಸಿ ಎಂಬ ಆದೇಶ ಕೋಶದ ಪೊರೆಯಿಂದ ಕೇಂದ್ರಕ್ಕೆ ಹೋಗುವಾಗ ಕಿಣ್ವಗಳ ಸಾಲೊಂದು ಅದನ್ನು ಒಂದರಿಂದೊಂದಕ್ಕೆ ದಾಟಿಸುತ್ತದೆ. ಫಾಸ್ಫೇಟ್ ಬಂದು ಕೂರಬೇಕಾದ ಜಾಗದಲ್ಲೇ ಯಾಪ್-ಜೆ ಅಸಿಟೈಲ್ ಎಂಬ ಬೇರೊಂದು ಅಣುಗುಂಪನ್ನು ಕೂರಿಸುತ್ತದೆ. ಜಾಗ ಭರ್ತಿಯಾದ ಮೇಲೆ ಫಾಸ್ಫೇಟಿಗೆ ಎಡೆಯಿಲ್ಲ, ಆದೇಶ ಮುಂದೆ ಹೋಗುವುದಿಲ್ಲ. ಡಲ್ಲಾಸ್‌ನಲ್ಲಿ ಕಿಮ್ ಆರ್ತ್ ಅವರ ಪ್ರಯೋಗಾಲಯ 2006ರಲ್ಲಿ ಇದನ್ನು ಪತ್ತೆಮಾಡಿತು. ಆ ಬಗೆಯ ತಡೆ ಅದುವರೆಗೆ ಯಾರ ಊಹೆಯಲ್ಲೂ ಇರಲಿಲ್ಲ.

ಈ ಯಂತ್ರ ಮತ್ತು ಯಾಪ್‌ಗಳ ಜೀನುಗಳೆಲ್ಲ ಬ್ಯಾಕ್ಟೀರಿಯಾದ ಮುಖ್ಯ ವರ್ಣತಂತುವಿನಲ್ಲಿಲ್ಲ. ಪ್ಲಾಸ್ಮಿಡ್ ಎಂಬ ಬೇರೆಯದೇ ಸಣ್ಣ ಡಿಎನ್‌ಎ ಉಂಗುರದಲ್ಲಿವೆ. ಆ ಉಂಗುರ ಕಳೆದುಕೊಂಡ ಬ್ಯಾಕ್ಟೀರಿಯಾ ಪ್ಲೇಗ್ ತರಲಾರದು. ಹಾಗೆಂದು ಉಂಗುರವೊಂದೇ ಪ್ಲೇಗಿಗೆ ಸಾಲದು. ಹೊಟ್ಟೆನೋವು, ಜ್ವರ ತರುವ ಯೆರ್ಸಿನಿಯಾ ಸ್ಯೂಡೊಟ್ಯುಬರ್ಕ್ಯುಲೋಸಿಸ್ ಎಂಬ ಬ್ಯಾಕ್ಟೀರಿಯಾದಲ್ಲೂ ಇದೇ ಯಂತ್ರವಿದೆ. ಕೆಲವು ಸಾವಿರ ವರ್ಷಗಳ ಹಿಂದೆ ಅದರಿಂದ ಕವಲೊಡೆದ ಪ್ಲೇಗಿನ ಬ್ಯಾಕ್ಟೀರಿಯಾ ಇನ್ನೆರಡು ಪ್ಲಾಸ್ಮಿಡ್ ಗಳಿಸಿಕೊಂಡಿತು. ಚಿಗಟದ ಹೊಟ್ಟೆಯಲ್ಲಿ ಬದುಕುವ, ಹೆಪ್ಪುಗಟ್ಟಿದ ರಕ್ತ ಕರಗಿಸಿ ಹರಡುವ, ಮೈಗೆ ಜಾರುವ ಕವಚ ತೊಡುವ ಶಕ್ತಿ ಬಂದದ್ದು ಅವುಗಳಿಂದ.

ಮೊದಲೆರಡು ದಿನ

ಕೆಮ್ಮಿನ ಹನಿಗಳಿಂದ ಹರಡುವ ಶ್ವಾಸಕೋಶದ ಪ್ಲೇಗಿನಲ್ಲಿ ಇದರ ಪರಿಣಾಮ ಎದ್ದುಕಾಣುತ್ತದೆ. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಮೊದಲ 36ರಿಂದ 48 ಗಂಟೆ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಲಕ್ಷಗಟ್ಟಲೆ ಹೆಚ್ಚುತ್ತದೆ. ಆದರೂ ಉರಿಯೂತವಿಲ್ಲ, ಸೈಟೋಕೈನ್ ಏರಿಕೆಯಿಲ್ಲ. ಅಂಗಾಂಶ ಹೆಚ್ಚುಕಡಿಮೆ ಆರೋಗ್ಯವಾಗಿಯೇ ಕಾಣುತ್ತದೆ.

ಆಮೇಲೆ ಏಕಾಏಕಿ ಎಲ್ಲವೂ ತಿರುಗುತ್ತದೆ. ತಡವಾಗಿ ಎಚ್ಚೆತ್ತ ಮೈ ಕೈಲಿದ್ದುದನ್ನೆಲ್ಲ ಒಮ್ಮೆಲೇ ಹೂಡುತ್ತದೆ. ನ್ಯೂಟ್ರೋಫಿಲ್‌ಗಳು ಶ್ವಾಸಕೋಶಕ್ಕೆ ನುಗ್ಗುತ್ತವೆ, ಗಾಳಿಗೂಡುಗಳಲ್ಲಿ ದ್ರವ, ರಕ್ತ ತುಂಬುತ್ತದೆ. ಆ ಹೊತ್ತಿಗೆ ಬ್ಯಾಕ್ಟೀರಿಯಾ ರಕ್ತಕ್ಕೂ ಇಳಿದಿರುತ್ತದೆ. ಮೊದಲ ಗಂಟೆಗಳಲ್ಲಿ ಬಂದಿದ್ದರೆ ಕಾಯುತ್ತಿದ್ದ ಉರಿಯೂತವೇ ಈಗ ಕೊಲ್ಲುವುದರಲ್ಲಿ ಪಾಲುಗೊಳ್ಳುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಗಡ್ಡೆಯ ಪ್ಲೇಗಿನಲ್ಲಿ ನೂರಕ್ಕೆ 30ರಿಂದ 60 ಮಂದಿ ಸಾಯುತ್ತಾರೆ. ಶ್ವಾಸಕೋಶದ ಪ್ಲೇಗಿನಲ್ಲಿ ಬದುಕುವುದೇ ಅಪರೂಪ.

ಕೋಶವೂ ಸುಮ್ಮನೆ ಕೂತಿಲ್ಲ

ಹಾಗಾದರೆ ಈ ಪ್ರೋಟೀನುಗಳಿಗೆ ಎದುರಿಲ್ಲವೆ? ಇದೆ. ಯಾವ ಕಿಣ್ವವೂ ಕುರುಹು ಬಿಡದೆ ಕೆಲಸ ಮಾಡಲಾರದು. ನಮ್ಮ ಕೋಶಗಳು ಬ್ಯಾಕ್ಟೀರಿಯಾವನ್ನು ಮಾತ್ರ ಹುಡುಕುವುದಿಲ್ಲ, ತಮ್ಮೊಳಗೆ ಯಾರಾದರೂ ಕೈಯಾಡಿಸಿದ್ದಾರೆಯೆ ಎಂದೂ ನೋಡುತ್ತಿರುತ್ತವೆ.

ಯಾಪ್-ಜೆ ತಡೆಯುವ ಕಿಣ್ವಗಳಲ್ಲಿ ಟಿಎಕೆ-1 ಒಂದು. ಅದು ಕೆಲಸ ನಿಲ್ಲಿಸಿತೆಂದರೆ ಏನೋ ಎಡವಟ್ಟಾಗಿದೆ ಎಂದು ಕೋಶ ತೀರ್ಮಾನಿಸುತ್ತದೆ. ತನ್ನ ಪೊರೆಯನ್ನು ತಾನೇ ಒಡೆದುಕೊಂಡು ಸಾಯುತ್ತದೆ. ಸಾಯುತ್ತಾ ಅಪಾಯದ ಸಂಕೇತಗಳನ್ನು ಸುತ್ತಲೂ ಚೆಲ್ಲುತ್ತದೆ. ಬಾಯಿ ಕಟ್ಟಿದ ಕೋಶ ಸತ್ತಾದರೂ ಸುದ್ದಿ ಮುಟ್ಟಿಸುವ ಈ ಮಾರ್ಗದ ವಿವರ 2018ರಲ್ಲಿ ಪ್ರಕಟವಾಯಿತು.

ಯಾಪ್-ಇ ಮತ್ತು ಯಾಪ್-ಟಿಗಳ ಕಥೆ ಇನ್ನೂ ಸ್ವಾರಸ್ಯದ್ದು. ‘ರೋ’ ಪ್ರೋಟೀನು ಕೆಲಸ ಮಾಡುತ್ತಿರುವವರೆಗೆ ಪೈರಿನ್ ಎಂಬ ಇನ್ನೊಂದು ಪ್ರೋಟೀನು ಫಾಸ್ಫೇಟ್ ಹೊತ್ತು ಸುಮ್ಮನೆ ಇರುತ್ತದೆ. ‘ರೋ’ ಆರಿದರೆ ಪೈರಿನ್‌ನ ಫಾಸ್ಫೇಟ್ ಕಳಚುತ್ತದೆ, ಅದು ಎದ್ದು ಜೋರಾಗಿ ಉರಿಯೂತ ಎಬ್ಬಿಸುತ್ತದೆ. ಅಂದರೆ ನುಂಗುವುದನ್ನು ತಡೆಯಹೊರಟ ಬ್ಯಾಕ್ಟೀರಿಯಾ ತನ್ನ ಕೃತ್ಯದಿಂದಲೇ ಸಿಕ್ಕಿಬೀಳಬೇಕು. ಅದನ್ನು ತಪ್ಪಿಸಲು ಬ್ಯಾಕ್ಟೀರಿಯಾ ಯಾಪ್-ಎಂ ಎಂಬ ಮತ್ತೊಂದು ಪ್ರೋಟೀನು ಕಳಿಸುತ್ತದೆ. ಅದು ಕೋಶದ್ದೇ ಕಿಣ್ವಗಳನ್ನು ಎಳೆತಂದು ಪೈರಿನ್ ಮೇಲೆ ಫಾಸ್ಫೇಟ್ ಉಳಿಯುವಂತೆ ನೋಡಿಕೊಳ್ಳುತ್ತದೆ. ಒಂದು ಸುಳ್ಳು ಮುಚ್ಚಲು ಇನ್ನೊಂದು ಸುಳ್ಳು.

ಪ್ಲೇಗಿಗೆ ತೆತ್ತ ಬೆಲೆ

ಪೈರಿನ್ ಜೀನಿನಲ್ಲಿ ಬದಲಾವಣೆ ಇರುವ ಕೆಲವರಿಗೆ ಯಾವ ಸೋಂಕೂ ಇಲ್ಲದೆ ಆಗಾಗ ಜ್ವರ, ಹೊಟ್ಟೆನೋವು, ಎದೆನೋವು ಬರುತ್ತದೆ. ಇದಕ್ಕೆ ಮೆಡಿಟರೇನಿಯನ್ ಕೌಟುಂಬಿಕ ಜ್ವರ ಎಂದು ಹೆಸರು. ತುರ್ಕಿಯರು, ಅರ್ಮೇನಿಯನ್ನರು, ಅರಬರು, ಯಹೂದಿಗಳಲ್ಲಿ ಇದು ಹೆಚ್ಚು. ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಬದಲಾದ ಜೀನು ಪಡೆದವರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆ ಪ್ರದೇಶದ ಕೆಲವು ಸಮುದಾಯಗಳಲ್ಲಿ ಹತ್ತರಲ್ಲಿ ಒಬ್ಬರು ಇಂಥವರು. ಕಾಯಿಲೆ ತರುವ ಜೀನು ಇಷ್ಟೊಂದು ಜನರಲ್ಲಿ ಉಳಿದುಕೊಂಡದ್ದೇಕೆ?

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಡೇನಿಯಲ್ ಕ್ಯಾಸ್ಟ್ನರ್ ಅವರ ತಂಡ 2020ರಲ್ಲಿ ಒಂದು ಉತ್ತರ ಕೊಟ್ಟಿತು. ಬದಲಾದ ಪೈರಿನ್‌ಗೆ ಯಾಪ್-ಎಂ ಸರಿಯಾಗಿ ಅಂಟಿಕೊಳ್ಳದು. ಒಂದೇ ಬದಲಾದ ಜೀನು ಇರುವವರ ಬಿಳಿ ರಕ್ತಕಣಗಳು ಕೂಡ ಪ್ಲೇಗಿನ ಬ್ಯಾಕ್ಟೀರಿಯಾ ಎದುರಾದಾಗ ಹೆಚ್ಚು ಕೂಗಿಕೊಂಡವು. ಅದೇ ಬದಲಾವಣೆ ಹೊತ್ತ ಇಲಿಗಳು ಪ್ಲೇಗಿನಿಂದ ಹೆಚ್ಚಾಗಿ ಬದುಕಿ ಉಳಿದವು. ಈ ಬದಲಾವಣೆಗಳು ಹುಟ್ಟಿದ್ದು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಥವಾ ಅದಕ್ಕೂ ಮುಂಚೆ ಎಂದು ತಂಡ ಲೆಕ್ಕ ಹಾಕಿತು. ಪ್ಲೇಗಿನ ಸರಣಿ ದಾಳಿಗಳಲ್ಲಿ ಈ ಜೀನು ಹೊತ್ತವರು ಹೆಚ್ಚು ಉಳಿದಿರಬೇಕು. ಅದಕ್ಕೆ ತೆತ್ತ ಬೆಲೆ ಇಂದಿಗೂ ಕಾರಣವಿಲ್ಲದೆ ಏರುವ ಜ್ವರ.

ಟೈಫಾಯ್ಡಿನಿಂದ ಟೊಮೆಟೊವರೆಗೆ

ಈ ಯಂತ್ರ ಪ್ಲೇಗಿನದೊಂದೇ ಸೊತ್ತಲ್ಲ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಬಳಿ ಇಂಥ ಎರಡು ಯಂತ್ರಗಳಿವೆ: ಒಂದು ಕೋಶದೊಳಕ್ಕೆ ನುಗ್ಗಲು, ಇನ್ನೊಂದು ಒಳಗೇ ಬದುಕಲು. ರಕ್ತಭೇದಿಯ ಶಿಗೆಲ್ಲಾಗೂ ಇದು ಬೇಕು. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಬೇರೆ ಬಗೆಯ ಸಾಗಣೆ ವ್ಯವಸ್ಥೆಯಿದ್ದು, ತನ್ನನ್ನು ನುಂಗಿದ ಮ್ಯಾಕ್ರೋಫೇಜನ್ನೇ ವರ್ಷಗಟ್ಟಲೆ ಮನೆಯಾಗಿಸಿಕೊಳ್ಳುತ್ತದೆ.

ಗಿಡಗಳಿಗೂ ಇದೇ ಪಾಡು. ಟೊಮೆಟೊ, ಬದನೆ ಬೆಳೆಯುವ ರೈತರಿಗೆ ದುಂಡಾಣು ಸೊರಗು ರೋಗ ಗೊತ್ತು. ಗಿಡ ಹಸಿರಾಗಿದ್ದಂತೆಯೇ ಬಾಡಿ ಬೀಳುತ್ತದೆ. ಅದನ್ನು ತರುವ ರಾಲ್ಸ್ಟೋನಿಯಾ ಗಿಡದ ಕೋಶಕ್ಕೆ ಇದೇ ಮಾದರಿಯ ಸೂಜಿಯಿಂದ ಪ್ರೋಟೀನುಗಳನ್ನು ತುಂಬುತ್ತದೆ. ಅದರ ಕೆಲವು ತಳಿಗಳಲ್ಲಿರುವ ಪಾಪ್-ಪಿ2 ಎಂಬ ಪ್ರೋಟೀನು ಯಾಪ್-ಜೆ ಕುಟುಂಬದ್ದೇ. ಅದೂ ಅಸಿಟೈಲ್ ಅಂಟಿಸಿಯೇ ಗಿಡದ ರಕ್ಷಣೆಯನ್ನು ಕೆಡಿಸುತ್ತದೆ. ಉತ್ತರ ಕರ್ನಾಟಕದ ದಾಳಿಂಬೆ ತೋಟಗಳನ್ನು ಹಾಳುಮಾಡಿದ ದುಂಡಾಣು ಅಂಗಮಾರಿಯ ಕ್ಸಾಂಥೊಮೊನಾಸ್ ಕೂಡ ಇದೇ ದಾರಿ ಹಿಡಿದದ್ದು. ಗಿಡಗಳೂ ಕುರುಹು ಹಿಡಿಯುತ್ತವೆ. ಪಾಪ್-ಪಿ2 ಬಂದು ಕಚ್ಚಲೆಂದೇ ಸಾಸಿವೆ ಜಾತಿಯ ಅರಾಬಿಡಾಪ್ಸಿಸ್ ಗಿಡ ತನ್ನ ಕಾವಲು ಪ್ರೋಟೀನೊಂದರಲ್ಲಿ ಹುಸಿ ಗುರಿಯನ್ನು ಇಟ್ಟುಕೊಂಡಿದೆ.

ಲಸಿಕೆ, ಮದ್ದು

1897ರ ಜನವರಿಯಲ್ಲಿ ಮುಂಬಯಿಯಲ್ಲಿ ವಾಲ್ಡೆಮಾರ್ ಹಾಫ್ಕಿನ್ ತಾವು ಸಿದ್ಧಪಡಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಬಿಸಿಮಾಡಿ ಕೊಂದು ತಯಾರಿಸಿದ್ದು ಅದು. ಲಕ್ಷಾಂತರ ಜನರಿಗೆ ಅದನ್ನು ಹಾಕಲಾಯಿತು. ಪೂರ್ತಿ ರಕ್ಷಣೆ ಕೊಡದಿದ್ದರೂ, ಬಳಲಿಸುವ ಜ್ವರ ತರುತ್ತಿದ್ದರೂ ಆ ಕಾಲಕ್ಕೆ ಬೇರೆ ಆಸರೆ ಇರಲಿಲ್ಲ.

ಈಗ ಪ್ರಯೋಗದಲ್ಲಿರುವ ಹೊಸ ಲಸಿಕೆಗಳು ಇಡೀ ಬ್ಯಾಕ್ಟೀರಿಯಾವನ್ನು ಬಳಸುವುದಿಲ್ಲ. ಅದರ ಎರಡು ಪ್ರೋಟೀನುಗಳನ್ನು ಮೈಗೆ ಮೊದಲೇ ಪರಿಚಯಿಸುತ್ತವೆ. ಒಂದು, ಜಾರುವ ಕವಚದ್ದು. ಇನ್ನೊಂದು, ಸೂಜಿಯ ತುದಿಯಲ್ಲಿರುವ ಎಲ್‌ಸಿಆರ್-ವಿ. ತುದಿಗೆ ಪ್ರತಿಕಾಯ ಅಂಟಿಕೊಂಡರೆ ಸೂಜಿ ಚುಚ್ಚಲಾರದು. ಚುಚ್ಚಲಾಗದಿದ್ದರೆ ಯಾಪ್‌ಗಳಿದ್ದೂ ಪ್ರಯೋಜನವಿಲ್ಲ. ಸೂಜಿಯನ್ನೇ ಕೆಡಿಸುವ ಔಷಧಗಳ ಹುಡುಕಾಟವೂ ನಡೆದಿದೆ. ಬ್ಯಾಕ್ಟೀರಿಯಾವನ್ನು ಕೊಲ್ಲದೆ ನಿರಾಯುಧ ಮಾಡಿ, ಉಳಿದ ಕೆಲಸವನ್ನು ಮೈಗೇ ಬಿಡುವ ಈ ದಾರಿಯಲ್ಲಿ ಔಷಧ ನಿರೋಧಕತೆ ಬೆಳೆಯುವುದು ನಿಧಾನವಾದೀತೆಂಬ ನಿರೀಕ್ಷೆಯಿದೆ. ಆಸ್ಪತ್ರೆಯಲ್ಲಿ ಬಳಸುವ ಹಂತಕ್ಕೆ ಅವು ಇನ್ನೂ ಬಂದಿಲ್ಲ.

ಸದ್ಯಕ್ಕೆ ಕೈಲಿರುವುದು ಆ್ಯಂಟಿಬಯೋಟಿಕ್‌ಗಳು. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ಗಳಿಗೆ ಪ್ಲೇಗಿನ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಬಗ್ಗುತ್ತದೆ. ಹೊತ್ತಿಗೆ ಸರಿಯಾಗಿ ಕೊಟ್ಟರೆ ಬಹುತೇಕರು ಬದುಕುತ್ತಾರೆ.

ಜ್ವರಕ್ಕೆ ಕಾಯಬಾರದು

ಪ್ಲೇಗ್ ಲೋಕ ಬಿಟ್ಟು ಹೋಗಿಲ್ಲ. 2010ರಿಂದ 2015ರವರೆಗೆ ಜಗತ್ತಿನಲ್ಲಿ 3,248 ಪ್ರಕರಣಗಳು, 584 ಸಾವುಗಳು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಕ್ಕೆ ಬಂದವು. ಮಡಗಾಸ್ಕರ್, ಕಾಂಗೊ, ಪೆರು ದೇಶಗಳಲ್ಲಿ ಅದು ಬೇರುಬಿಟ್ಟಿದೆ. ನಮ್ಮಲ್ಲಿ 1966ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡ ಪ್ರಕರಣದ ನಂತರ ದೀರ್ಘ ಬಿಡುವಿತ್ತು. 1994ರ ಸೆಪ್ಟೆಂಬರಿನಲ್ಲಿ ಪ್ಲೇಗಿನ ಭೀತಿಗೆ ಸೂರತ್ ನಗರದಿಂದ ಲಕ್ಷಾಂತರ ಜನ ಓಡಿಹೋದರು. 2002ರಲ್ಲಿ ಹಿಮಾಚಲದಲ್ಲಿ, 2004ರಲ್ಲಿ ಉತ್ತರಕಾಶಿಯಲ್ಲಿ ಸಣ್ಣ ಪ್ರಮಾಣದಲ್ಲಿ ಮತ್ತೆ ತಲೆಯೆತ್ತಿತು. ಕಾಡುಮೇಡಿನ ದಂಶಕಗಳಲ್ಲಿ ರೋಗಾಣು ಉಳಿದಿರುವವರೆಗೆ ಇದು ನಡೆಯುತ್ತಲೇ ಇರುತ್ತದೆ.

ಇಂಥ ಕಡೆಗಳಲ್ಲಿ ವೈದ್ಯರು ಪಾಲಿಸುವ ಒಂದು ನಿಯಮ ಹೊರನೋಟಕ್ಕೆ ಅತಿಯಾಯಿತು ಅನ್ನಿಸಬಹುದು. ಶ್ವಾಸಕೋಶದ ಪ್ಲೇಗ್ ರೋಗಿಯ ಹತ್ತಿರ ಇದ್ದವರಿಗೆ ಕೆಮ್ಮು, ಜ್ವರ, ನೋವು ಒಂದೂ ಇಲ್ಲದಿದ್ದರೂ ಏಳು ದಿನ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ರೋಗಲಕ್ಷಣ ಕಂಡವರಿಗೆ ಪ್ರಯೋಗಾಲಯದ ವರದಿಗೆ ಕಾಯದೆ, ಮೊದಲ 24 ಗಂಟೆಯೊಳಗೆ ಚಿಕಿತ್ಸೆ ಆರಂಭಿಸಬೇಕು. ಬೇರೆ ಹಲವು ಸೋಂಕುಗಳಲ್ಲಿ ಜ್ವರ ಬರುವವರೆಗೆ ಕಾದು ನೋಡಬಹುದು. ಜ್ವರ ಬಂತೆಂದರೆ ಕಾವಲು ಕೋಶಗಳು ಎದ್ದಿವೆ ಎಂದರ್ಥ. ಪ್ಲೇಗಿನಲ್ಲಿ ಆ ಸೂಚನೆಯನ್ನೇ ಯಾಪ್‌ಗಳು ಒಂದೆರಡು ದಿನ ಹಿಂದಕ್ಕೆ ತಳ್ಳಿರುತ್ತವೆ. ಮೈ ಕೂಗುವುದನ್ನು ಕಾಯದೆ ಮದ್ದು ಶುರುಮಾಡಿದರೆ ಬ್ಯಾಕ್ಟೀರಿಯಾ ಗಳಿಸಿಕೊಂಡ ಆ ಎರಡು ದಿನ ಅದರ ಕೈತಪ್ಪುತ್ತದೆ.